ಅಂಗಳದವರೆಗೆ ಬರುವ ಕಾರು: ಮಲೆನಾಡಿಗೆ ಸಿ-ಕ್ಲಾಸೋ, 3 ಸೀರೀಸೋ?

ಮರ್ಸಿಡಿಸ್ ಸಿ-ಕ್ಲಾಸ್ ಮತ್ತು ಬಿಎಂಡಬ್ಲ್ಯು 3 ಸೀರೀಸ್ ಲಾಂಗ್ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಹೆಚ್ಚಿಸಿದ ಮಾದರಿ) ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಮೊದಲು ಷೋರೂಮಿಗೆ ಹೋಗಬೇಡಿ. ಒಂದು ಅಳತೆ ಟೇಪು, ಮೂರು ಮೀಟರಿನ ನೇರ ಅಲ್ಯೂಮಿನಿಯಂ ಪೈಪು ಹಿಡಿದು ಮನೆಯ ದಾರಿಗೆ ಇಳಿಯಿರಿ. ಡಾಂಬರಿನ ಮೇಲೆ ಎರಡೂ ಅಪ್ಪಟ ಕಾರುಗಳೇ. ಮಲೆನಾಡಿನಲ್ಲಿ ವ್ಯತ್ಯಾಸ ಗೊತ್ತಾಗುವುದು ಡಾಂಬರು ಬಿಟ್ಟು ಮನೆಯಂಗಳ ಮುಟ್ಟುವ ಕೊನೆಯ ಅರ್ಧ ಕಿಲೋಮೀಟರಿನಲ್ಲಿ, ಅದೂ ಪುಷ್ಯ ಮಳೆ ಹೊಯ್ಯುವಾಗ.

ದಾರಿಯ ಅಳತೆ

ಎರಡೂ ಕಾರು ತಗ್ಗು. ಖಾಲಿ ನಿಂತಾಗ ಹೊಟ್ಟೆಗೂ ನೆಲಕ್ಕೂ 13 ಸೆಂ.ಮೀ. ಆಚೀಚೆ ಅಂತರ ಎಂದಿಟ್ಟುಕೊಳ್ಳಿ. ಐದು ಜನ ಕೂತು ಡಿಕ್ಕಿಗೆ ಲಗೇಜು ತುಂಬಿದರೆ ಅದರಲ್ಲಿ 2ರಿಂದ 3 ಸೆಂ.ಮೀ. ಕುಸಿಯುತ್ತದೆ. ಕೈಯಲ್ಲಿ ಉಳಿಯುವುದು 10. ಸಿ-ಕ್ಲಾಸಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2865 ಮಿ.ಮೀ., 3 ಸೀರೀಸ್ ಲಾಂಗ್ ವೀಲ್‌ಬೇಸಿಗೆ 2961 ಮಿ.ಮೀ. ಚಕ್ರಗಳ ನಡುವೆ ದೂರ ಹೆಚ್ಚಿದಷ್ಟೂ ಉಬ್ಬು ಹೊಟ್ಟೆಗೆ ತಾಗುವುದು ಬೇಗ.

ಅಳೆಯುವುದು ಹೀಗೆ. ತೋಟದ ದಾರಿಯಲ್ಲಿ ಮೋರಿ ಪೈಪು ಹಾಯುವ ಕಡೆ, ಇಲ್ಲವೇ ಚರಂಡಿಗೆ ಹಾಸುಗಲ್ಲು ಹಾಕಿದ ಕಡೆ ಉಬ್ಬಿರುತ್ತದಲ್ಲ, ಅದರ ನೆತ್ತಿಯ ಮೇಲೆ ಪೈಪಿನ ಮಧ್ಯಭಾಗ ಕೂರುವಂತೆ, ಕಾರು ಸಾಗುವ ದಿಕ್ಕಿಗೇ ಉದ್ದಕ್ಕೆ ಇಡಿ. ಒಬ್ಬರು ಅಲ್ಲಾಡದಂತೆ ಹಿಡಿದಿರಲಿ. ಮಧ್ಯದಿಂದ ಎರಡೂ ಕಡೆ 143 ಸೆಂ.ಮೀ. ದೂರದಲ್ಲಿ ಪೈಪಿನ ಕೆಳಗಿನಿಂದ ನೆಲಕ್ಕೆ ಎಷ್ಟಿದೆ ನೋಡಿ, ಎರಡನ್ನೂ ಕೂಡಿಸಿ ಅರ್ಧ ಮಾಡಿ. ಸಿ-ಕ್ಲಾಸಿನ ಪಾಲಿಗೆ ಆ ಉಬ್ಬಿನ ಎತ್ತರ ಅಷ್ಟು. ಇದನ್ನೇ 148 ಸೆಂ.ಮೀ. ದೂರದಲ್ಲಿ ಅಳೆದರೆ 3 ಸೀರೀಸಿನ ಲೆಕ್ಕ ಸಿಗುತ್ತದೆ. ಇಳಿಜಾರು 10ಕ್ಕೆ 1ರಂತಿದ್ದರೆ ಎರಡು ಕಾರುಗಳ ನಡುವಿನ ವ್ಯತ್ಯಾಸ ಸುಮಾರು ಅರ್ಧ ಸೆಂ.ಮೀ. ಅಷ್ಟೇ. ಎತ್ತರ 8 ಸೆಂ.ಮೀ. ಬಂದರೆ ಯೋಚನೆಯೇ ಬೇಡ, ಎರಡೂ ದಾಟುತ್ತವೆ. 9ರಿಂದ 10ರ ನಡುವೆ ಬಂದರೆ ಆ ಅರ್ಧ ಸೆಂ.ಮೀ.ಗೇ ಬೆಲೆ. 10 ಮೀರಿದರೆ ಕಾರು ಬದಲಿಸಿ ಪ್ರಯೋಜನವಿಲ್ಲ, ದಾರಿಯನ್ನೇ ಸರಿಮಾಡಬೇಕು.

ಸರಿಮಾಡುವುದು ಕಷ್ಟವೇನಲ್ಲ. ಕೆಳಗೆ ಪೈಪಿರುವ ಉಬ್ಬಿನ ನೆತ್ತಿ ಕಡಿಯಲಾಗದು. ಅದರ ಎರಡೂ ಬದಿಗೆ ಜಂಬಿಟ್ಟಿಗೆ ಚೂರು, 20 ಮಿ.ಮೀ. ಜಲ್ಲಿ ತುಂಬಿ ಇಳಿಜಾರನ್ನು ಒಂದೂವರೆ ಮೀಟರಿನಷ್ಟು ಉದ್ದಕ್ಕೆ ಎಳೆಯಿರಿ. ಮೇಲೆ ಕಾಂಕ್ರೀಟು ಹಾಕಿದರೆ ಒಳ್ಳೆಯದು, ಬರೀ ಮಣ್ಣು ಒಂದೇ ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ. ಇದನ್ನು ಬಿಟ್ಟು ಹೊಟ್ಟೆ ಉಜ್ಜಿಕೊಂಡೇ ಓಡಾಡಿದರೆ ಮೊದಲು ಪೆಟ್ಟಾಗುವುದು ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರಿಗೆ. ಅದರ ಒಂದು ಕ್ಲಿಪ್ಪು ಕಿತ್ತು ಅಂಚು ಜೋತುಬಿದ್ದರೆ ಮುಂದಿನ ಸಲ ಕಲ್ಲಿಗೆ ಸಿಕ್ಕಿ ಇಡೀ ಹಾಳೆ ಹರಿದುಬರುತ್ತದೆ. ಆಮೇಲೆ ಕೆಸರೆಲ್ಲ ನೇರ ಎಂಜಿನ್ ಕೋಣೆಗೆ.

ಉಣುಗೋಲು ತೆಗೆದು ಕಂಬ ನೆಟ್ಟು ಗೇಟು ಮಾಡಿಸಿದವರು ಅಗಲವನ್ನೂ ಅಳೆಯಿರಿ. ಕನ್ನಡಿ ಸೇರಿ ಸಿ-ಕ್ಲಾಸ್ 2033 ಮಿ.ಮೀ., 3 ಸೀರೀಸ್ 2068 ಮಿ.ಮೀ. ಗೇಟಿನ ಹತ್ತಿರವೇ ದಾರಿ ತಿರುಗುವಂತಿದ್ದರೆ, ಒಂದು ಕಡೆ ಧರೆ ಇನ್ನೊಂದು ಕಡೆ ಅಗಳವಿದ್ದರೆ, ಎರಡೂವರೆ ಮೀಟರಿನ ಗೇಟೂ ಇಕ್ಕಟ್ಟೇ.

ಡೀಸೆಲ್ಲೋ, ಪೆಟ್ರೋಲೋ

ಬ್ರ್ಯಾಂಡಿಗಿಂತ ಮೊದಲು ಇದನ್ನು ತೀರ್ಮಾನಿಸಬೇಕು. ಬಹಳ ಜನ ಎಡವುವುದೂ ಇಲ್ಲೇ.

2022ರಲ್ಲಿ ಬಂದ ಈ ಪೀಳಿಗೆಯ ಸಿ-ಕ್ಲಾಸಿನಲ್ಲಿ ಸಿ 200 ಪೆಟ್ರೋಲಿನದು 1.5 ಲೀಟರ್ ಎಂಜಿನ್, 204 ಅಶ್ವಶಕ್ತಿ, 300 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಸಿ 220ಡಿ ಡೀಸೆಲ್ 2 ಲೀಟರಿನದು, 200 ಅಶ್ವಶಕ್ತಿ, ಟಾರ್ಕ್ 440. ಬಿಎಂಡಬ್ಲ್ಯು 330ಎಲ್‌ಐ ಪೆಟ್ರೋಲಿಗೆ 258 ಅಶ್ವಶಕ್ತಿ, ಟಾರ್ಕ್ 400. 320ಎಲ್‌ಡಿ ಡೀಸೆಲ್ಲಿಗೆ 190 ಮತ್ತು 400. ನೀವು ಬುಕ್ ಮಾಡುವ ಹೊತ್ತಿಗೆ ಇವುಗಳಲ್ಲಿ ಯಾವುದು ಮಾರಾಟದಲ್ಲಿದೆ ಎಂದು ಕೇಳಿಕೊಳ್ಳಿ, ವೇರಿಯೆಂಟುಗಳು ಬದಲಾಗುತ್ತಲೇ ಇರುತ್ತವೆ. ಘಟ್ಟ ಹತ್ತುವಾಗ ಬೇಕಾಗುವುದು ಟಾರ್ಕ್. ಆ ಲೆಕ್ಕದಲ್ಲಿ ಸಿ 220ಡಿ ಎದುರು ಸಿ 200 ಸಪ್ಪೆ. ಐದು ಜನರನ್ನು ಕೂರಿಸಿಕೊಂಡು ಆಗುಂಬೆ ಏರುವಾಗ ಸಿ 200 ಪದೇಪದೇ ಗೇರು ಇಳಿಸಿ ಕೂಗಿಕೊಳ್ಳುತ್ತದೆ.

ಹಾಗೆಂದು ಎಲ್ಲರಿಗೂ ಡೀಸೆಲ್ ಅಲ್ಲ. ಬಿಎಸ್ 6 ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಎನ್ನುತ್ತಾರೆ. ಹಿಡಿದಿಟ್ಟ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಸುಡುವಷ್ಟು ಬಿಸಿಯಾಗಲು ಕಾರು ತಡೆಯಿಲ್ಲದೆ 20ರಿಂದ 30 ನಿಮಿಷ ಹೆದ್ದಾರಿ ವೇಗದಲ್ಲಿ ಓಡಬೇಕು. ಮನೆಯಿಂದ ಪೇಟೆಗೆ ನಾಲ್ಕು ಕಿ.ಮೀ., ಸೊಸೈಟಿಗೆ ಮೂರು ಕಿ.ಮೀ., ಅಷ್ಟೇ ಓಡಾಟ ಎಂದಾದರೆ ಎಂಜಿನ್ ಕಾಯುವ ಮೊದಲೇ ಆಫ್ ಆಗುತ್ತದೆ, ಮಸಿ ತುಂಬುತ್ತ ಹೋಗುತ್ತದೆ. ಒಂದು ದಿನ ಹಳದಿ ದೀಪ ಬರುತ್ತದೆ. ಅದನ್ನು ಕಡೆಗಣಿಸಿದರೆ ಎಂಜಿನ್ ಶಕ್ತಿ ತಾನೇ ಕುಗ್ಗಿ ವರ್ಕ್‌ಶಾಪಿಗೆ ಎಳೆಯಬೇಕಾಗುತ್ತದೆ. ದೀಪ ಬಂದ ದಿನವೇ ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ ಬಂದರೆ ಸಾಮಾನ್ಯವಾಗಿ ಆರಿಹೋಗುತ್ತದೆ.

ವಾರಕ್ಕೊಮ್ಮೆಯಾದರೂ ದೂರದ ಓಡಾಟವಿದ್ದರೆ ಡೀಸೆಲ್ ಕೊಳ್ಳಿ, ಇಲ್ಲದಿದ್ದರೆ ಪೆಟ್ರೋಲ್. ಡೀಸೆಲ್ಲಿಗೆ ಆಡ್‌ಬ್ಲೂ ಬೇರೆ ತುಂಬಬೇಕು. ಅದು ಹೊಗೆಯ ವಿಷ ತಗ್ಗಿಸಲು ಬಳಸುವ 32.5% ಯೂರಿಯಾ ದ್ರಾವಣ. ಪೂರ್ತಿ ಖಾಲಿಯಾಗಿ ಕಾರು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ಮೊದಲ ಎಚ್ಚರಿಕೆ ಬಂದ ಕೂಡಲೇ ತುಂಬಿಸಿ. ಗೊಬ್ಬರದ ಯೂರಿಯಾವನ್ನು ನೀರಿಗೆ ಕಲಸಿ ಹಾಕುವ ಸಾಹಸ ಬೇಡವೇ ಬೇಡ: ಕಲ್ಮಶ ಇಂಜೆಕ್ಟರಿನಲ್ಲಿ ಕಟ್ಟಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ.

ಹಿಂದಿನ ಸೀಟು

ಲಾಂಗ್ ವೀಲ್‌ಬೇಸ್ ಕಾರಿನ ಜೀವಾಳವೇ ಹಿಂದಿನ ಸೀಟು. ಮಾಮೂಲಿ 3 ಸೀರೀಸಿಗಿಂತ ಇದರ ವೀಲ್‌ಬೇಸ್ 110 ಮಿ.ಮೀ. ಹೆಚ್ಚು, ಅದರ ಲಾಭ ಹಿಂದೆ ಕೂತವರ ಕಾಲಿಗೆ. ಉದ್ದನೆಯವರು ಬೆಂಗಳೂರಿನ 300 ಕಿ.ಮೀ. ಕೂತು ಹೋಗಲು ಇದಕ್ಕೆ ಸಿ-ಕ್ಲಾಸ್ ಸಾಟಿಯಲ್ಲ. ಆದರೆ ಮನೆಯಲ್ಲಿ ಮಂಡಿ ನೋವಿನ ಹಿರಿಯರಿದ್ದರೆ ಜಾಗಕ್ಕಿಂತ ಸೀಟಿನ ಎತ್ತರವೇ ಮುಖ್ಯ. ಅಮ್ಮನನ್ನು ಷೋರೂಮಿಗೆ ಕರೆದುಕೊಂಡು ಹೋಗಿ. ಎರಡೂ ಕಾರಿನಲ್ಲಿ ಮೂರು ಮೂರು ಸಲ ಹತ್ತಿ ಇಳಿಯಲಿ. ಒಂದು ಸಲ ಹತ್ತಿದರೆ ಯಾರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮೂರನೇ ಸಲ ಬಾಗಿಲ ಅಂಚು ಹಿಡಿದು ಏಳುವ ರೀತಿಯಲ್ಲೇ ನಿಜ ಗೊತ್ತಾಗುತ್ತದೆ. ಸೀರೆ ಉಟ್ಟು ಬಂದರೆ ಇನ್ನೂ ಒಳ್ಳೆಯದು, ಬಾಗಿಲ ಹೊಸ್ತಿಲ ಕೆಸರು ನೆರಿಗೆಗೆ ತಾಗುತ್ತದೋ ಇಲ್ಲವೋ ಎಂಬುದೂ ಅಲ್ಲೇ ತಿಳಿಯುತ್ತದೆ.

ಸೀಟಿನ ಬಣ್ಣ ಕಪ್ಪೋ ಕಂದೋ ಇರಲಿ. ಕೆಮ್ಮಣ್ಣನ್ನಾದರೂ ಒರೆಸಬಹುದು, ಅಡಿಕೆ ಚೊಗರಿನ ಕಲೆ ತಿಳಿ ಬಣ್ಣದ ಸೀಟಿನಿಂದ ಹೋಗುವುದಿಲ್ಲ.

ಟೈರಿನ ಮೇಲಿನ ಅಂಕಿ

225/50 ಆರ್17 ಎಂದಿದ್ದರೆ ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ 50%, ಅಂದರೆ 112 ಮಿ.ಮೀ. ಅದೇ 225/45 ಆರ್18 ಆದರೆ 101, 225/40 ಆರ್19 ಆದರೆ ಬರೀ 90. ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿನ ಅಂಚಿಗೂ ನಡುವೆ ಇರುವ ರಬ್ಬರು ಅಷ್ಟೇ. ಗೋಡೆ ಕುಳ್ಳಾದಷ್ಟೂ ಒಳಗಿನ ದಾರ ತುಂಡಾಗಿ ಟೈರಿನ ಪಕ್ಕದಲ್ಲಿ ಗುಳ್ಳೆ ಏಳುವುದು ಜಾಸ್ತಿ. ಗುಳ್ಳೆ ಎದ್ದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಬದಲಿಸಲೇಬೇಕು. ಒಂದೇ ಮಾದರಿಗೆ ಎರಡು ಅಳತೆಯ ಚಕ್ರ ಸಿಗುವುದಾದರೆ ನೋಟ ಮರೆತು ಚಿಕ್ಕ ರಿಮ್ಮನ್ನೇ ಆರಿಸಿ. ಮುಂದಿನ ಹಿಂದಿನ ಟೈರಿನ ಅಂಕಿ ಬೇರೆ ಬೇರೆ ಇದ್ದರೆ ಅದಲುಬದಲು ಮಾಡಲಾಗದು ಎಂಬುದೂ ನೆನಪಿರಲಿ.

ಸ್ಟೆಪ್ನಿ ಇದೆಯೇ, ಇದ್ದರೆ ಡಿಕ್ಕಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಂದು ಮುಚ್ಚಳ ತೆಗೆಸಿ ನೋಡಿ. ರನ್‌ಫ್ಲಾಟ್ ಟೈರಾದರೆ ಗಾಳಿ ಹೋದ ಮೇಲೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ಓಡುತ್ತದೆ. ಆಗುಂಬೆಯಿಂದ ಶಿವಮೊಗ್ಗಕ್ಕೆ 90 ಮೀರುತ್ತದೆ. ತೀರ್ಥಹಳ್ಳಿಯಲ್ಲಿ ನಿಮ್ಮ ಅಳತೆಯ ಟೈರು ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಓಡಿಸಿ ನೋಡುವುದು

ಡೆಮೊ ಕಾರು ಅರ್ಧ ದಿನ ಬೇಕೆಂದು ಹಟ ಹಿಡಿಯಿರಿ. ಇಷ್ಟು ಹಣ ಕೊಡುವವರಿಗೆ ಅದು ದೊಡ್ಡ ಕೇಳಿಕೆಯಲ್ಲ. ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿವರೆಗೆ ತುಂಗೆಯ ಪಕ್ಕದ ತಿರುವಿನ ರಸ್ತೆ ಸಾಕು; ಆಗುಂಬೆಯ 14 ತಿರುವು ಇಳಿದು ಹತ್ತಿದರೆ ಉತ್ತಮ. ಅರ್ಧ ದಾರಿ ನೀವು ಓಡಿಸಿ, ಅರ್ಧ ದಾರಿ ಹಿಂದೆ ಕೂರಿ. ಸ್ಟೀರಿಂಗ್ ಹಿಡಿದವರಿಗೆ 3 ಸೀರೀಸ್ ಹೆಚ್ಚು ಹಿತ, ತಿರುವಿನಲ್ಲಿ ಮೈ ವಾಲುವುದು ಕಡಿಮೆ. ಹಾಳು ರಸ್ತೆಯಲ್ಲಿ ಹಿಂದೆ ಕೂತವರಿಗೆ ಸಿ-ಕ್ಲಾಸ್ ಮೃದು. ಶಿವಮೊಗ್ಗ ಪೇಟೆಯಲ್ಲೇ ಮನೆ, ಓಡಾಟ ಹೆದ್ದಾರಿಯಲ್ಲೇ ಹೆಚ್ಚು, ನೀವೇ ಡ್ರೈವರ್ ಎಂದಾದರೆ ನಮ್ಮ ಮತ 3 ಸೀರೀಸಿಗೆ. ತೋಟದೊಳಗಿನ ಮನೆಗೆ 17 ಇಂಚಿನ ಚಕ್ರದ ಸಿ 220ಡಿ.

ಇಳಿಯುವಾಗ ಸ್ಟೀರಿಂಗ್ ಹಿಂದಿನ ಎಡಗಡೆ ಪ್ಯಾಡಲ್ ಒತ್ತಿ ಗೇರು ಇಳಿಸಿ ನೋಡಿ. ಬ್ರೇಕನ್ನೇ ಒತ್ತುತ್ತ ಇಳಿದರೆ ಡಿಸ್ಕು ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲಿನ ಹಿಡಿತವೂ ತಗ್ಗುತ್ತದೆ. ಮಂಜು ಕವಿದಾಗ ಮುಂದಿನ ಗಾಜಿನ ಆವಿ ತೆಗೆಯುವ ಬಟನ್ ಎಲ್ಲಿದೆ ಎಂದು ತೋರಿಸಲು ಹೇಳಿ; ಪರದೆಯಲ್ಲಿ ಮೂರು ಕಡೆ ಒತ್ತಿ ಹುಡುಕುವಂತಿರಬಾರದು. ಎರಡೂ ಕಾರಿಗೆ ಹಿಂದಿನ ಚಕ್ರವೇ ಎಳೆಯುವುದು. ಪಾಚಿಗಟ್ಟಿದ ಕಾಂಕ್ರೀಟು ಏರಿನಲ್ಲಿ ಒಬ್ಬರೇ ಕೂತ ಕಾರಿನ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಆಕ್ಸಿಲರೇಟರ್ ತುಳಿದರೆ ಇನ್ನೂ ಜಾರುತ್ತದೆ. ಏರಿನ ಕಾಂಕ್ರೀಟಿಗೆ ಅಡ್ಡಗೆರೆ ಹೊಡೆಸಿ, ಮಳೆಗಾಲಕ್ಕೆ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ.

ವಿಮೆ, ತೆರಿಗೆ, ಇಲಿ

ವಿಮೆಗೆ ಎಂಜಿನ್ ಪ್ರೊಟೆಕ್ಟ್ ಸೇರಿಸಲೇಬೇಕು. ಹಳ್ಳದ ನೀರು ಎಂಜಿನ್ ಒಳಗೆ ಹೋದರೆ ಮಾಮೂಲಿ ಪಾಲಿಸಿ ಅದಕ್ಕೆ ಹಣ ಕೊಡುವುದಿಲ್ಲ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲೂಬೇಡಿ: ಸಿಲಿಂಡರಿಗೆ ಹೊಕ್ಕ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಲಿ ವೈರು ಕಡಿದರೆ ಪರಿಹಾರ ಉಂಟೇ, ಟೈರು ರಿಮ್ಮಿಗೆ ಬೇರೆ ಕವರ್ ಇದೆಯೇ ಎಂದು ಬರಹದಲ್ಲೇ ಕೇಳಿ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ಬಾನೆಟ್ಟನ್ನು ವಾರಕ್ಕೊಮ್ಮೆ ಎತ್ತಿ ನೋಡಬೇಕು. ಹಾಗೆ ಎತ್ತಿದಾಗ ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಸಿಕ್ಕಿದ ಎಲೆಯನ್ನೂ ತೆಗೆಯಿರಿ. ಅಲ್ಲಿ ನೀರು ಕಟ್ಟಿದರೆ ಕಾರಿನೊಳಕ್ಕೆ ಇಳಿಯುತ್ತದೆ.

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ 18%, ಅದರ ಮೇಲೆ ಸೆಸ್. 60 ಲಕ್ಷದ ಕಾರಿಗೆ ತೆರಿಗೆಯೇ 10.8 ಲಕ್ಷ. 10 ಲಕ್ಷ ಮೀರಿದ ಕಾರಿಗೆ ಡೀಲರು 1% ಟಿಸಿಎಸ್ (ಮಾರುವವರೇ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ವಾಪಸು ಪಡೆಯಬಹುದು. ಬರೀ ಕೃಷಿ ಆದಾಯ ಎಂದು ರಿಟರ್ನ್ ಸಲ್ಲಿಸದವರು ಈ 60 ಸಾವಿರವನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ. ಬಿಲ್ಲಿಗೆ ನಿಮ್ಮ ಪ್ಯಾನ್ ಸರಿಯಾಗಿ ಹಾಕಿಸಿ, ಆ ವರ್ಷ ರಿಟರ್ನ್ ಸಲ್ಲಿಸಿ.

ಸರ್ವಿಸ್ ಮಂಗಳೂರಿನಲ್ಲೋ, ಹುಬ್ಬಳ್ಳಿಯಲ್ಲೋ, ಬೆಂಗಳೂರಿನಲ್ಲೋ, ಕಾರು ಒಯ್ದು ತಂದುಕೊಡಲು ಎಷ್ಟು ತೆಗೆದುಕೊಳ್ಳುತ್ತಾರೆ, ಘಟ್ಟದ ನಡುವೆ ಕೆಟ್ಟರೆ ಫ್ಲ್ಯಾಟ್‌ಬೆಡ್ ಎಲ್ಲಿಂದ ಹೊರಡುತ್ತದೆ, ಇದಕ್ಕೆಲ್ಲ ಇ-ಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ.

ಡೆಲಿವರಿ ದಿನ ಹಾರ ಹಾಕುವ ಮೊದಲು ನಾಲ್ಕೂ ಟೈರಿನ ಪಕ್ಕ ಕೂತು ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2325 ಎಂದಿದ್ದರೆ 2025ರ 23ನೇ ವಾರ ತಯಾರಾದದ್ದು. ಕಾರಿನ ತಯಾರಿ ತಿಂಗಳಿಗೂ ಇದಕ್ಕೂ ಬಹಳ ಅಂತರವಿದ್ದರೆ ಸಹಿ ಹಾಕುವ ಮೊದಲೇ ಕೇಳಿ.