ಲಾರಿ ಕ್ರೇನ್ ಬಾಳಿಕೆ ಬರಬೇಕಾದರೆ ಏನು ಬದಲಿಸಬೇಕು?

ಕಾಸರಗೋಡಿನ ಕರಾವಳಿಯಲ್ಲಿ ಲಾರಿ ಕ್ರೇನ್‌ಗೆ ಎರಡು ಕಡೆಯಿಂದ ಪೆಟ್ಟು. ಎತ್ತುವ ಭಾರ ಒಂದು, ಉಪ್ಪುಗಾಳಿ ಮತ್ತು ಮಳೆ ಇನ್ನೊಂದು. ಬೂಮ್ (ಭಾರ ಎತ್ತುವ ಉದ್ದ ತೋಳು) ಬಿರುಕು ಬಿಟ್ಟರೆ ಅದರ ಮೇಲೊಂದು ದಪ್ಪ ಪ್ಲೇಟ್ ವೆಲ್ಡ್ ಮಾಡಿ ಕೆಲಸಕ್ಕೆ ಕಳಿಸುವುದು ಸುಲಭ. ಆದರೆ ಕ್ರೇನ್ ನಿಜವಾಗಿ ಸುಧಾರಿಸಬೇಕಾದರೆ ಬೂಮ್‌ನ ತೂಕ ಇಳಿಯಬೇಕು, ಏರಬಾರದು.

ಲೆಕ್ಕದಿಂದ ಶುರು ಮಾಡಿ. ಟನ್-ಮೀಟರ್ ಅಂದರೆ ಭಾರವನ್ನು ದೂರದಿಂದ ಗುಣಿಸಿದ್ದು. 10 ಟನ್-ಮೀಟರ್ ಕ್ರೇನ್ 2 ಮೀಟರ್ ದೂರದಲ್ಲಿ 5 ಟನ್ ಎತ್ತಿದರೆ, 8 ಮೀಟರ್ ಚಾಚಿದಾಗ ಅದು 1.25 ಟನ್‌ಗೆ ಇಳಿಯುತ್ತದೆ. ಬೂಮ್‌ನ ಸ್ವಂತ ಭಾರವನ್ನೂ ಇದರಲ್ಲೇ ಕಳೆಯಬೇಕು. ತುದಿಗೆ 50 ಕೆ.ಜಿ. ಕಬ್ಬಿಣ ಸೇರಿಸಿದಿರೋ, ಎತ್ತುವ ಮಾಲಿನಲ್ಲಿ ಅಷ್ಟೂ ಹೋಯಿತು.

ಮಾಮೂಲಿ ಉಕ್ಕು 250 ಮೆಗಾಪ್ಯಾಸ್ಕಲ್ (ಉಕ್ಕಿನ ಬಲದ ಅಳತೆ) ದರ್ಜೆಯದ್ದು. 700ರ ದರ್ಜೆಯದ್ದು ಹಾಕಿದರೆ ತೆಳು ಪ್ಲೇಟ್ ಸಾಕು. ಆದರೆ ಬೂಮ್ ಜಾಸ್ತಿ ಬಾಗುತ್ತದೆ, ಪ್ಲೇಟ್ ಸೊಟ್ಟಗಾಗುವ ಭಯವೂ ಇದೆ. ಅದಕ್ಕೇ ಚೌಕದ ಬದಲು ಆರು ಮೂಲೆಯ ಪೆಟ್ಟಿಗೆ ಆಕಾರ ಒಳ್ಳೆಯದು.

ಇಲ್ಲೊಂದು ಮಾತು ಗಮನಿಸಿ. ಪದೇಪದೇ ಭಾರ ಬಿದ್ದು ವೆಲ್ಡಿಂಗ್‌ನಲ್ಲಿ ಹುಟ್ಟುವ ಬಿರುಕನ್ನು ದುಬಾರಿ ಉಕ್ಕು ಕೂಡ ತಡೆಯುವುದಿಲ್ಲ. ಹಾಗಾಗಿ ಹೊಸದು ಕಟ್ಟುವ ಮೊದಲು ಹಳೆ ಬೂಮ್ ಪರೀಕ್ಷಿಸಿ. ಪೇಂಟ್ ತೆಗೆದು, ಗ್ರೀಸ್ ಒರೆಸಿ, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಸಿಂಪಡಿಸಿ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಆ ಡೈ ಹೀರಿ ತೋರಿಸುವ ಬಿಳಿ ಡೆವಲಪರ್ ಹಾಕಿ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡುತ್ತದೆ. ವೆಲ್ಡ್ ಮುಗಿಯುವ ತುದಿ ಮತ್ತು ಪಿನ್ ಕೂರುವ ಜಾಗವನ್ನು ಬಿಡಬೇಡಿ. ಹೊಸ ಬೂಮ್‌ನಲ್ಲಿ ವೆಲ್ಡನ್ನು ಮೇಲೆ ಕೆಳಗೆ ಇಡದೆ ಪಕ್ಕದ ಪ್ಲೇಟಿನ ನಡುಮಧ್ಯಕ್ಕೆ ತನ್ನಿ. ಅಲ್ಲಿ ಎಳೆತ ಕಡಿಮೆ. ಬಲಪಡಿಸಲು ಹಾಕುವ ಪ್ಲೇಟಿನ ತುದಿಯನ್ನು ಚೂಪಾಗಿ ಇಳಿಸಿ, ವೆಲ್ಡಿನ ಅಂಚನ್ನು ಗ್ರೈಂಡ್ ಮಾಡಿ ನುಣುಪಾಗಿಸಿ.

ಇನ್ನು ಹೈಡ್ರಾಲಿಕ್. 100 ಮಿ.ಮೀ. ಒಳವ್ಯಾಸದ ಸಿಲಿಂಡರ್ 200 ಬಾರ್ ಒತ್ತಡದಲ್ಲಿ ಸುಮಾರು 16 ಟನ್ ಬಲ ಕೊಡುತ್ತದೆ. ಪಂಪ್ ಅದೇ ಇಟ್ಟು ಸಿಲಿಂಡರ್ ಮಾತ್ರ ದೊಡ್ಡದು ಮಾಡಿದರೆ ಕ್ರೇನ್ ನಿಧಾನವಾಗುತ್ತದೆ. ಭಾರ ಹಿಡಿದಿಡುವ ವಾಲ್ವ್ ಸಿಲಿಂಡರ್‌ಗೇ ಅಂಟಿಕೊಂಡಿರಲಿ, ನಡುವೆ ಹೋಸ್ ಬೇಡ. ಹೋಸ್ ಒಡೆದರೂ ಬೂಮ್ ಕೆಳಗೆ ಬೀಳಬಾರದು, ಅಲ್ವಾ?

ಉಪ್ಪುಗಾಳಿಗೆ ಸಿಲಿಂಡರ್‌ ರಾಡ್‌ನ ಕ್ರೋಮ್ ಲೇಪದಲ್ಲಿ ಗುಳಿ ಬೀಳುತ್ತದೆ. ಆ ಗುಳಿಯಿಂದ ಸೀಲ್ ಹರಿದು ಎಣ್ಣೆ ಸೋರುತ್ತದೆ. ಕೆಲಸ ಮುಗಿದ ಮೇಲೆ ರಾಡ್‌ಗಳು ಒಳಗೆ ಹೋಗಿ ನಿಲ್ಲುವಂತೆ ಮಡಿಸುವ ಕ್ರಮ ರೂಪಿಸಿ.

ಮಳೆಗಾಲದ ಮೆತ್ತನೆ ನೆಲಕ್ಕೆ, ಲಾರಿಯನ್ನು ಊರಿ ನಿಲ್ಲಿಸುವ ಜ್ಯಾಕಿನ ಪಾದ ಅಗಲ ಬೇಕು. 10 ಟನ್ ಭಾರ 30 ಸೆಂ.ಮೀ. ಚೌಕದ ಮೇಲೆ ಕೂತರೆ ಚದರ ಸೆಂ.ಮೀ.ಗೆ 11 ಕೆ.ಜಿ. 60 ಸೆಂ.ಮೀ. ಚೌಕವಾದರೆ 3 ಕೆ.ಜಿ.ಗೂ ಕಡಿಮೆ.

ಲಾರಿಯ ಚಾಸಿಗೆ ಮನಬಂದಂತೆ ವೆಲ್ಡ್ ಮಾಡಬೇಡಿ, ತೂತು ಕೊರೆಯಬೇಡಿ. ಚಾಸಿಯ ಮೇಲೆ ಸಬ್‌ಫ್ರೇಮ್ (ಕ್ರೇನ್ ಹೊರುವ ಬೇರೆ ಚೌಕಟ್ಟು) ಇಟ್ಟು ಲಾರಿ ಕಂಪನಿ ಹೇಳಿದ ಜಾಗದಲ್ಲೇ ಬೋಲ್ಟ್ ಹಾಕಿ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಕೊನೆಗೆ ಅರ್ಹ ಪರೀಕ್ಷಕರ ಎದುರು ಜಾಸ್ತಿ ಭಾರ ಹೊರಿಸಿ ಪರೀಕ್ಷೆ ಮಾಡಿಸಿ. ಆಮೇಲೆ ಅದೇ ವೆಲ್ಡುಗಳಿಗೆ ಮತ್ತೊಮ್ಮೆ ಡೈ ಹಾಕಿ ನೋಡಿ. ಪೇಂಟ್ ಹೊಡೆಯುವುದು ಅದಾದ ನಂತರವೇ.