ಚಿಗರಿ ಬಸ್ ಹತ್ತಾಕ ಅಂಜಿಕಿ ಆಗ್ತೈತ್ಯಾ? ಹಿಂಗ ಮಾಡ್ರಿ

ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನ ಬಾಗಲಾ ಮುಚ್ಚಿದ ಕೂಡಲೇ ಕೆಲವರಿಗೆ ಎದಿ ಡವಡವ ಅಂತೈತಿ, ಉಸಿರು ಕಟ್ಟಿದಂಗ ಆಗ್ತೈತಿ, ಮುಂದಿನ ಸ್ಟಾಪಿಗೆ ಇಳದಬಿಡ್ತಾರ, ಆಮ್ಯಾಲೆ ಹುಬ್ಬಳ್ಳಿ-ಧಾರವಾಡ ಓಡಾಟನ ಬಿಟ್ಟಬಿಡ್ತಾರ. ಇಳದ ಮ್ಯಾಲೆ ಆರಾಮ ಅನಸ್ತೈತಲ್ಲ, ಅದ ನೋಡ್ರಿ ಅಂಜಿಕಿನ್ನ ಸಾಕೋದು. ಇಳದದ್ದಕ್ಕ ಉಳದೆ ಅಂತ ಮನಸ್ಸು ನಂಬಿಬಿಡ್ತೈತಿ. ಬಾಯಿಲೆ ಹೇಳಿದ್ರ ಕೇಳಂಗಿಲ್ಲ, ಮಾಡಿ ತೋರಸಬೇಕು. ಅಂಜಿಕಿ ಹುಟ್ಟಸೋದನ್ನ ಸ್ವಲ್ಪ ಸ್ವಲ್ಪ ಎದುರಿಸ್ಕೊಂತ ಹೋಗೋದು, ಎಕ್ಸ್‌ಪೋಶರ್ ಥೆರಪಿ ಅಂದ್ರ ಇದ.

ಮೊದ್ಲ ಡಾಕ್ಟರ್ ಕಡೆ ತೋರಸ್ರಿ. ಹಾರ್ಟ್, ಥೈರಾಯ್ಡ್ ತ್ರಾಸಿಗೂ ಎದಿ ಹಿಂಗ ಬಡ್ಕೊಂತೈತಿ.

ಆಮ್ಯಾಲೆ ಒಂದ ಹಾಳಿ ತಗೊಂಡು ಅಂಜಿಕಿ ಹುಟ್ಟಸೋ ಕೆಲಸ ಬರ್ದು ಸೊನ್ನೆಯಿಂದ 100ರ ತನಕ ಮಾರ್ಕ್ಸ್ ಹಾಕ್ರಿ. ಸ್ಟೇಷನ್ನಿನ್ಯಾಗ ನಿಂತು ಬಸ್ ನೋಡೋದು 20, ಜೊತಿಗೊಬ್ಬರ್ನ ಕರ್ಕೊಂಡು ವಿದ್ಯಾನಗರದಿಂದ ಉಣಕಲ್ ತನಕ ಹೋಗೋದು 45, ಅಷ್ಟ ದೂರ ಒಬ್ಬರ ಹೋಗೋದು 60, ಆಫೀಸ್ ಟೈಮಿನ ಗದ್ದಲದಾಗ ಧಾರವಾಡದ ಜುಬಿಲಿ ಸರ್ಕಲ್ ತನಕ ಅಂದ್ರ 90. ಕಡಿಮಿ ಮಾರ್ಕ್ಸಿನದರಿಂದ ಶುರು ಮಾಡಿ ಒಂದೊಂದ ಮೆಟ್ಲಾ ಹತ್ರಿ. ಜೋಸೆಫ್ ವೋಲ್ಪೆ ಅನ್ನೋ ಡಾಕ್ಟರು 1958ರಾಗ ಬಂದ ಪುಸ್ತಕದಾಗ ಹಿಂಗ ಮೆಟ್ಲಾ ಮೆಟ್ಲಾ ಹತ್ತೋದನ್ನ ಬರ್ದಿದ್ರು, ಆದ್ರ ಅವರ ಪದ್ಧತಿಯೊಳಗ ಮೈ ಸಡಿಲ ಬಿಡೋದು ಮೊದ್ಲು ಆಗ್ಬೇಕಿತ್ತು. ಈಗ ಅಂಜಿಕಿ ಇರ್ಲಿ, ಹಂಗ ಹತ್ರಿ ಅಂತಾರ.

ಹತ್ತೂ ಮುಂಚೆ ಏನ ಆಗ್ತೈತಿ ಅನಸ್ತೈತೋ ಬರದ ಇಡ್ರಿ, "ಎಚ್ಚರ ತಪ್ಪಿ ಬೀಳ್ತೀನಿ" ಅಂತಿದ್ರ ಅದನ್ನ. ಅಂಜಿಕಿ ಮ್ಯಾಲೆ ಏರಿದಾಗ ಇಳಿಬ್ಯಾಡ್ರಿ, ಪ್ಯಾನಿಕ್ (ಒಮ್ಮಿಂದೊಮ್ಮೆಲೆ ಏರೋ ಅಂಜಿಕಿ) ಸಾಮಾನ್ಯವಾಗಿ ಹತ್ತು ನಿಮಿಷದೊಳಗ ತುದಿ ಮುಟ್ಟಿ ತಾನ ಇಳಿತೈತಿ. ಅಂಜಿಕಿ ಇಳಿಲಿಲ್ಲಂದ್ರೂ ನಡಿತೈತಿ, ನೀವು ಬರದದ್ದು ಖರೇ ಆತೋ ಇಲ್ಲೋ ಅದ ಮುಖ್ಯ. (ರಕ್ತ, ಸೂಜಿ ಕಂಡ್ರ ಅಂಜೋರ ಮಾತ ಬ್ಯಾರೆ, ಅವರು ಖರೇನ ಎಚ್ಚರ ತಪ್ಪಬಹುದು, ಅವರಿಗೆ ಕೈಕಾಲು ಬಿಗಿ ಹಿಡಿಯೋದನ್ನ ಕಲಸ್ತಾರ.)

ಭಾಳ ಮಂದಿ ಎಡವೋದು ಇಲ್ಲೆ: ನೀರಿನ ಬಾಟಲಿ ಅಪ್ಪಿಕೊಂಡು, ಬಾಗಲದ ಬಾಜೂಕ ನಿಂತು, ಫೋನಿನ್ಯಾಗ ಮಾತಾಡ್ಕೊಂತ ಹೋಗ್ತಾರ, ಹಂಗ ಮಾಡಿದ್ರ "ಬಾಟಲಿ ಇತ್ತಂತ ಬಚಾವಾದೆ" ಅಂತ ಮನಸ್ಸು ಕಲಿತೈತಿ. ಒಂದೊಂದ ಬಿಡ್ರಿ. ಡಾಕ್ಟರ್ ಕೊಟ್ಟ ಗುಳಿಗಿ ಮಾತ್ರ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ.

ಒಂದ ಮೆಟ್ಲಾ ಹಲವು ಸಲ ಮಾಡ್ರಿ, ಮುಂಜಾನೆ, ಸಂಜಿ, ಕುಂತು, ನಿಂತು. ದೊಡ್ಡ ಆಘಾತ ಆದೋರು, ಒಸಿಡಿ (ಬ್ಯಾಡಂದ್ರೂ ಅದ ವಿಚಾರ ಬಂದು ಅದ ಕೆಲಸ ಮತ್ತ ಮತ್ತ ಮಾಡೋ ಕಾಯಿಲೆ) ಇದ್ದೋರು ಒಬ್ಬರ ಶುರು ಮಾಡಬ್ಯಾಡ್ರಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗ್ರಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಿ ಕೇಳ್ರಿ.

ಮನ್ಯಾವರಿಗೂ ಒಂದ ಮಾತು. "ಏನೂ ಆಗಂಗಿಲ್ಲ" ಅಂತ ಹತ್ತು ಸಲ ಹೇಳಬ್ಯಾಡ್ರಿ, ಅದೂ ಆ ಬಾಟಲಿ ಇದ್ದಂಗನ. "ಅಂಜಿಕಿ ಬರ್ಲಿ, ಉಣಕಲ್ ತನಕ ಕುಂದ್ರೂಣು" ಅನ್ರಿ.