ಹೊಸ ಸಣ್ಣ ಕಾರೋ, ಹಳೆ ಗಟ್ಟಿ ಕಾರೋ: ಹುಬ್ಬಳ್ಳಿ ಸೀಮೆಯವರಿಗೆ ಲೆಕ್ಕ ಮತ್ತು ತಪಾಸಣೆ

ಆರು ಲಕ್ಷ ರೂಪಾಯಿ ಹೊಂದಿಸಿಕೊಂಡು ಗೋಕುಲ ರಸ್ತೆಗೆ ಹೋದರೆ ಹೊಸ ಸಣ್ಣ ಕಾರು ಸಿಗುತ್ತದೆ. ಅದೇ ಮಾಡೆಲ್ ಐದು ವರ್ಷ ಓಡಿದ್ದು ಬೇಕೆಂದರೆ ಅರ್ಧಕ್ಕಿಂತ ತುಸು ಹೆಚ್ಚು ಕೊಟ್ಟರೆ ಸಾಕು. ಯಾವುದು ಕೊಳ್ಳಬೇಕು ಎಂದು ಯಾರೇ ಕೇಳಿದರೂ ನಾವು ತಿರುಗಿ ಕೇಳುವುದು ಒಂದೇ ಮಾತು: ರೊಕ್ಕ ಎಲ್ಲಿಂದ ಬರುತ್ತದೆ? ಕೈಯಲ್ಲೇ ಇದ್ದರೆ ಹಳೆಯದನ್ನು ನೋಡಿ. ಬಹುಪಾಲು ಸಾಲವಾದರೆ ಹೊಸದೇ ಲೇಸು.

ಮೊದಲು ಲೆಕ್ಕ

ಎಕ್ಸ್ ಶೋರೂಮ್ ಬೆಲೆ 5 ಲಕ್ಷದ ಕಾರು ಎಂದು ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ಆಜೀವ ತೆರಿಗೆ (ನೋಂದಣಿಯಾಗುವಾಗ ಒಮ್ಮೆ ಕಟ್ಟುವ ರಸ್ತೆ ತೆರಿಗೆ) 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, ಅದರ ಮೇಲೆ ಸೆಸ್. ಅಂದರೆ ತೆರಿಗೆಗೇ 70 ಸಾವಿರ ದಾಟುತ್ತದೆ. ವಿಮೆ, ನೋಂದಣಿ, ಫಾಸ್ಟ್ಯಾಗ್ ಎಲ್ಲ ಸೇರಿ ಗಾಡಿ ರಸ್ತೆಗೆ ಇಳಿಯುವಾಗ ಸುಮಾರು 6.1 ಲಕ್ಷ. ಐದು ವರ್ಷದ ನಂತರ ಮಾರಿದರೆ 2.9 ಲಕ್ಷ ಬಂತು ಎಂದುಕೊಂಡರೂ ಕರಗಿದ್ದು 3.2 ಲಕ್ಷ.

ಅದೇ ಕಾರು ಐದು ವರ್ಷ ಹಳೆಯದು, 3.2 ಲಕ್ಷಕ್ಕೆ. ತಂದ ಮೊದಲ ತಿಂಗಳಲ್ಲಿ ಟಯರ್, ಬ್ಯಾಟರಿ, ಆಯಿಲ್, ಬ್ರೇಕ್ ಪ್ಯಾಡ್, ವಿಮೆ, ಹೆಸರು ಬದಲಾವಣೆ ಎಂದು 50 ಸಾವಿರ ತೆಗೆದಿಡಿ. ಇದನ್ನು ತೆಗೆದಿಡದೆ ಹಳೆ ಗಾಡಿ ಕೊಳ್ಳಬೇಡಿ. ಒಟ್ಟು 3.7 ಲಕ್ಷ. ಇನ್ನೈದು ವರ್ಷ ಓಡಿಸಿ 1.7 ಲಕ್ಷಕ್ಕೆ ಮಾರಿದರೆ ಕರಗಿದ್ದು 2 ಲಕ್ಷ. ನಡುವೆ ಹೊಸದಕ್ಕಿಂತ ಹೆಚ್ಚಿನ ರಿಪೇರಿಗೆ 50 ಸಾವಿರ ಸೇರಿಸಿದರೂ ಉಳಿತಾಯ 70 ಸಾವಿರ.

ಈಗ ಸಾಲ ಸೇರಿಸಿ ನೋಡಿ. ಹೊಸ ಕಾರಿಗೆ 4 ಲಕ್ಷ, ಶೇ. 9ರಂತೆ 60 ಕಂತು: ತಿಂಗಳಿಗೆ 8,303 ರೂಪಾಯಿ, ಒಟ್ಟು ಬಡ್ಡಿ ಸುಮಾರು 98 ಸಾವಿರ. ಹಳೆ ಕಾರಿಗೆ ಬಡ್ಡಿ ದರ ಯಾವಾಗಲೂ ಮೇಲೆ. ಶೇ. 14ರಂತೆ 3 ಲಕ್ಷ ತೆಗೆದರೆ ಕಂತು 6,980, ಬಡ್ಡಿ ಸುಮಾರು 1.19 ಲಕ್ಷ. ಒಂದು ಲಕ್ಷ ಕಡಿಮೆ ಸಾಲ ಮಾಡಿಯೂ 21 ಸಾವಿರ ಹೆಚ್ಚು ಬಡ್ಡಿ! ಉಳಿತಾಯ 50 ಸಾವಿರದ ಆಸುಪಾಸಿಗೆ ಇಳಿಯಿತು. ಒಂದು ಕ್ಲಚ್, ಒಂದು ಎಸಿ ಕಂಪ್ರೆಸರ್ ಕೈಕೊಟ್ಟರೆ ಅದೂ ಹೋಯಿತು. ಇದಕ್ಕಾಗಿ ವಾರಂಟಿ ಬಿಟ್ಟುಕೊಡುವುದು ನಮಗೆ ಸರಿ ಕಾಣುವುದಿಲ್ಲ.

ಫೈನಾನ್ಸ್‌ನವರು ಫ್ಲ್ಯಾಟ್ ರೇಟ್ ಹೇಳಿದರೆ ಜಾಗ್ರತೆ. 4 ಲಕ್ಷಕ್ಕೆ ಫ್ಲ್ಯಾಟ್ ಶೇ. 9 ಎಂದರೆ ಐದು ವರ್ಷಕ್ಕೆ 1.8 ಲಕ್ಷ ಬಡ್ಡಿ. ಕಂತು ಕಟ್ಟಿದಂತೆ ಅಸಲು ಇಳಿದರೂ ಬಡ್ಡಿ ಇಳಿಯುವುದಿಲ್ಲ, ಹಾಗಾಗಿ ಬ್ಯಾಂಕಿನ ಲೆಕ್ಕದಲ್ಲಿ ಅದು ಹೆಚ್ಚೂಕಡಿಮೆ ಶೇ. 16. ಕಂತನ್ನು 60ರಿಂದ ಗುಣಿಸಿ, ಅಸಲು ಕಳೆಯಿರಿ. ಆ ಸಂಖ್ಯೆಯನ್ನಷ್ಟೇ ನಂಬಿ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ (4 ಮೀಟರ್ ಒಳಗಿನ ಉದ್ದ, 1200 ಸಿಸಿವರೆಗಿನ ಎಂಜಿನ್) ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಮೇಲಿನ ಸೆಸ್ಸೂ ಹೋಗಿದೆ. ಮಾರುವವರು ತಾವು ಕೊಂಡಾಗಿನ ಬೆಲೆಯಿಂದ ಲೆಕ್ಕ ಹಾಕುತ್ತಾರೆ. ನೀವು ಇವತ್ತಿನ ಹೊಸ ಕಾರಿನ ಬೆಲೆಯಿಂದ ಕೆಳಗೆ ಲೆಕ್ಕ ಹಾಕಿ. ಎರಡು ವರ್ಷ ಹಳೆಯ ಗಾಡಿಗೆ ಹೊಸದಕ್ಕಿಂತ ಬರೀ 60–70 ಸಾವಿರ ಕಡಿಮೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಯಾವ ವರ್ಷದ ಗಾಡಿ?

ಹಳೆಯದೆಂದು ತೀರ್ಮಾನವಾದರೆ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಒಬ್ಬರೇ ಮಾಲಕರು, 60 ಸಾವಿರ ಕಿ.ಮೀ. ಒಳಗೆ, ಸ್ಥಳೀಯ ಪಾಸಿಂಗ್: ಕೆಎ-25 ಧಾರವಾಡ, 63 ಹುಬ್ಬಳ್ಳಿ, 26 ಗದಗ, 27 ಹಾವೇರಿ, 68 ರಾಣೆಬೆನ್ನೂರು. ಸ್ಥಳೀಯ ಗಾಡಿಯಾದರೆ ಸರ್ವಿಸ್ ಮಾಡಿದ ಗ್ಯಾರೇಜಿಗೇ ಹೋಗಿ ವಿಚಾರಿಸಬಹುದು, ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) 2019ರಿಂದ ಎಲ್ಲ ಕಾರುಗಳಿಗೂ ಕಡ್ಡಾಯ. ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಎಲ್ಲ ಕಾರುಗಳಲ್ಲಿ ಬಂದದ್ದು 2022ರಿಂದ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಹೊಂದುವ ಎಂಜಿನ್ ಬೇಕೆಂದರೆ 2023ರ ಏಪ್ರಿಲ್ ನಂತರದ್ದನ್ನು ಹುಡುಕಿ. ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಾವೇರಿ, ರಾಣೆಬೆನ್ನೂರಿಗೆ ಓಡಾಡುವವರು 20 ಸಾವಿರ ಉಳಿಸಲು ಏರ್‌ಬ್ಯಾಗ್ ಇಲ್ಲದ ಗಾಡಿಗೆ ಹೋಗಬಾರದು.

ದಿನಕ್ಕೆ ಹತ್ತು ಹದಿನೈದು ಕಿ.ಮೀ. ಊರೊಳಗೇ ಓಡುವವರಿಗೆ ಬಿಎಸ್6 (ಹೊಗೆ ಮಿತಿಯ ಹೊಸ ಮಾನದಂಡದ) ಡೀಸೆಲ್ ಬೇಡ. ಸೈಲೆನ್ಸರಿನ ಮಸಿ ಹಿಡಿಯುವ ಫಿಲ್ಟರ್ ಬಿಸಿಯಾಗಿ ತಾನೇ ಸುಟ್ಟು ಶುದ್ಧವಾಗಲು ದೂರದ ಓಟ ಬೇಕು. ಸಿಗದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಹೊರಗಡೆ ಕೂಡಿಸಿದ ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ದಾಖಲಾಗಿರಲೇಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಯ ಪತ್ರ ಇರಬೇಕು.

ಎಂಎಚ್-09 ಕೊಲ್ಲಾಪುರ, ಎಂಎಚ್-10 ಸಾಂಗ್ಲಿ ಪಾಸಿಂಗ್ ಗಾಡಿಗಳು ಇಲ್ಲಿಯ ಮಾರುಕಟ್ಟೆಗೆ ಬರುತ್ತವೆ. 2019ರ ಆಗಸ್ಟ್ ನೆರೆಯಲ್ಲಿ ಆ ಎರಡೂ ಜಿಲ್ಲೆಗಳು ಮುಳುಗಿದ್ದವು, ನಮ್ಮ ಮಲಪ್ರಭೆಯ ದಂಡೆಯ ಊರುಗಳೂ ಮುಳುಗಿದ್ದವು. ಅದಕ್ಕೂ ಮೊದಲಿನ ಗಾಡಿಯಾದರೆ ನೀರು ಕುಡಿದಿದೆಯೇ ನೋಡಿ: ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ದಿನಾಲೂ ಹೊರಬರುವ ಭಾಗವನ್ನು ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಕೊನೆಯ ಒಂದು ಗೇಣನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಮಣ್ಣಿನ ಗೆರೆ ಇದ್ದರೆ ಮಾತು ಮುಗಿಸಿ. ಸೀಟಿನ ಕೆಳಗಿನ ಹಳಿಯ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂಡುವ ಗುಂಡಿಯ ಕೆಸರು ಸಹ ಅದನ್ನೇ ಹೇಳುತ್ತವೆ.

ಹೊರರಾಜ್ಯದ ಗಾಡಿ ಅಗ್ಗವಾಗಿ ಕಾಣುವುದಕ್ಕೆ ಕಾರಣ ತೆರಿಗೆ. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕು, ವಯಸ್ಸಿಗೆ ತಕ್ಕಂತೆ ಆಜೀವ ತೆರಿಗೆ ಕಟ್ಟಬೇಕು, ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಗೋವಾ ಗಾಡಿಯ ಬೆಲೆಗೆ ಇವನ್ನೆಲ್ಲ ಕೂಡಿಸಿದ ಮೇಲೆ ಹೋಲಿಸಿ.

ಗಾಡಿ ನೋಡುವ ದಿನ

ಮುಂಜಾನೆ ಹೋಗಿ. ಎಂಜಿನ್ ಶುರು ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ ಇಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ, ತಣ್ಣಗಿದ್ದಾಗ ಎಂಜಿನ್ ಶುರುವಾಗಲು ತಕರಾರು ಮಾಡುತ್ತದೆ, ಅದನ್ನು ಮುಚ್ಚಿಡಲು ಮೊದಲೇ ಓಡಿಸಿದ್ದಾರೆ ಎಂಬ ಅನುಮಾನ ಇರಲಿ. ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಹಿಂದಿರುಗಿ.

ತಣ್ಣಗಿದ್ದರೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಮೈ ನೋಡಿ. ಕೆನೆಯಂಥ ಬಿಳಿ ಜಿಡ್ಡು ಗಟ್ಟಿಯಾಗಿ ಅಂಟಿದ್ದರೆ ಆಯಿಲಿಗೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೇರುತ್ತಿರಬಹುದು, ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲು) ಕೆಲಸ. ಕೂಲಂಟ್ ಬದಲು ಬರೀ ನೀರು ತುಂಬಿದ್ದರೆ ಒಳಗೆ ತುಕ್ಕು ಹಿಡಿದಿರುತ್ತದೆ. ಈಗ ಶುರು ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕರಿ ಹೊಗೆಗೆ ಪೆಟ್ರೋಲ್ ಹೆಚ್ಚಾಗುತ್ತಿದೆ ಎಂದು ಅರ್ಥ. ಚಳಿಯಲ್ಲಿ ತೆಳು ಬಿಳಿ ಹಬೆ ಬರುವುದು ಸಹಜ, ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಗ್ಯಾಸ್ಕೆಟ್ ಅನುಮಾನ ಗಟ್ಟಿ.

“ಎಷ್ಟ ಓಡೇತ್ರಿ?” ಎಂದು ಕೇಳಿದರೆ ಮೀಟರ್ ತೋರಿಸುತ್ತಾರೆ. ಮೀಟರನ್ನು ಬದಲಿಸಬಹುದು, ಪೆಡಲಿನ ರಬ್ಬರಿನ ಸವಕಳಿ ಸುಳ್ಳು ಹೇಳುವುದಿಲ್ಲ. 35 ಸಾವಿರ ಓಡಿದ ಗಾಡಿಯ ಕ್ಲಚ್ ಪೆಡಲ್ ಕನ್ನಡಿಯಂತೆ ನುಣುಪಾಗಿರಬಾರದು, ಸ್ಟಿಯರಿಂಗ್ ಸಿಪ್ಪೆ ಏಳಬಾರದು. ಟಯರಿನ ಪಕ್ಕ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಗಾಡಿ 2021ರದ್ದು, ಮೀಟರ್ 30 ಸಾವಿರ, ಆದರೆ ನಾಲ್ಕೂ ಟಯರ್ 2024ರವು. ಅಷ್ಟು ಬೇಗ ಟಯರ್ ಸವೆದದ್ದು ಹೇಗೆ ಎಂದು ಕೇಳಿ. ಕಂಪನಿಯ ಸರ್ವಿಸ್ ದಾಖಲೆಯಲ್ಲಿ ಪ್ರತಿ ಸಲದ ಕಿ.ಮೀ. ನಮೂದಾಗಿರುತ್ತದೆ, ಮಾಲಕರ ಮುಂದೆಯೇ ತೆಗೆಸಿ ನೋಡಿ.

ಅಪಘಾತದ ಗುರುತು ಬೋಲ್ಟ್‌ಗಳಲ್ಲಿ ಸಿಗುತ್ತದೆ. ಬಾನೆಟ್, ಬಾಗಿಲು, ಮಡ್‌ಗಾರ್ಡಿನ ಬೋಲ್ಟ್‌ಗಳ ಮೇಲೆ ಕಾರ್ಖಾನೆಯ ಬಣ್ಣ ಒಂದೇ ಸಮ ಇರಬೇಕು. ಮೂಲೆ ಕೆತ್ತಿ ಲೋಹ ಕಂಡರೆ ಪಾನಾ ಬಿದ್ದಿದೆ ಎಂದರ್ಥ. ಬಂಪರ್, ಬಾಗಿಲಿಗೆ ಬಣ್ಣ ಬಳಿಸಿದ್ದರೆ ಅಷ್ಟು ಚಿಂತೆ ಬೇಡ, ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ಗೀರು ಬೀಳದ ಗಾಡಿ ಕಡಿಮೆ. ಬಾನೆಟ್ ಒಳಗಿನ ಎರಡು ಉದ್ದ ಚಾಸಿ ಪಟ್ಟಿಗಳಲ್ಲಿ ಸುಕ್ಕು, ಹೊಸ ವೆಲ್ಡಿಂಗ್ ಇದ್ದರೆ ಮಾತ್ರ ಯಾವ ಬೆಲೆಗೂ ಬೇಡ.

ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆ ಓಡಿದ ಗಾಡಿಗೆ ಇನ್ನೊಂದು ತಪಾಸಣೆ ಬೇಕು. ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಆ ಅಲೆಗಳ ಏಟು ಬೀಳುವುದು ಶಾಕ್ ಅಬ್ಸಾರ್ಬರ್, ಲಿಂಕ್ ರಾಡ್, ಲೋವರ್ ಆರ್ಮ್ ಬುಷ್‌ಗಳಿಗೆ. ಸ್ಪೀಡ್ ಬ್ರೇಕರ್ ಮೇಲೆ ಓರೆಯಾಗಿ, ಒಂದು ಗಾಲಿ ಮೊದಲು ಏರುವಂತೆ, ಕಿಟಕಿ ಇಳಿಸಿ ನಿಧಾನ ಓಡಿಸಿ. ಕಟ್ ಕಟ್ ಸದ್ದು ಲಿಂಕ್ ರಾಡಿನದಾದರೆ ಖರ್ಚು ಸಣ್ಣದು, ಬೆಲೆಯಲ್ಲಿ ಇಳಿಸಿಕೊಂಡರೆ ಸಾಕು. ಗಾಲಿಯ ಮೇಲಿನ ಕಮಾನಿನೊಳಗೆ ಕೈ ಹಾಕಿ ನೋಡುವುದನ್ನು ಮರೆಯಬೇಡಿ. ಎರೆ ಮಣ್ಣು ಒಣಗಿ ಇಟ್ಟಿಗೆಯಂತೆ ಕೂತಿರುತ್ತದೆ, ಅದರ ಹಿಂದೆ ತೇವ ಉಳಿದು ತುಕ್ಕು ಶುರುವಾಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದಾಗ ತಗಡು ಪೊಳ್ಳು ಸದ್ದು ಮಾಡಬಾರದು, ಪುಡಿ ಉದುರಬಾರದು.

ಓಟ ಕನಿಷ್ಠ 15 ಕಿ.ಮೀ. ಇರಲಿ. ಧಾರವಾಡದವರಿಗೆ ವಿಶ್ವವಿದ್ಯಾಲಯದ ಗುಡ್ಡದ ಏರು ಇದೆ: ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಹೆದ್ದಾರಿಯಲ್ಲಿ 80ಕ್ಕೆ ಸ್ಟಿಯರಿಂಗ್ ನಡುಗಿದರೆ ಗಾಲಿ ಬ್ಯಾಲೆನ್ಸ್, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಎಸಿ ಹಾಕಿಕೊಂಡೇ ಓಡಿಸಿ, ನಿಂತಾಗಲೂ ಗಾಳಿ ತಣ್ಣಗಿರಬೇಕು. ಕೊನೆಗೆ ನಿಮ್ಮ ಮಿಸ್ತ್ರಿಯಿಂದ ಸ್ಕ್ಯಾನರ್ ಹಚ್ಚಿಸಿ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾಗುವ ದೋಷದ ಗುರುತುಗಳನ್ನು (ಎರರ್ ಕೋಡ್) ಹಿಂದಿನ ದಿನವಷ್ಟೇ ಅಳಿಸಿದ್ದರೆ ಅದೂ ಗೊತ್ತಾಗುತ್ತದೆ.

ಕಾಗದಪತ್ರ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲಕರು, ವಿಮೆಯ ಅವಧಿ, ಸಾಲದ ನಮೂದು, ಬಾಕಿ ದಂಡ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ತೆಗೆಸಿದ ಮೇಲಷ್ಟೇ ಪೂರ್ತಿ ರೊಕ್ಕ ಕೊಡಿ. 2019ರ ಏಪ್ರಿಲ್‌ಗಿಂತ ಮೊದಲಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟ್ ಕೂಡಿಸಿದ್ದಾರೆಯೇ ನೋಡಿ. ಆರ್‌ಸಿ ಅವಧಿ ನೋಂದಣಿಯಿಂದ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 12–13 ವರ್ಷದ ಗಾಡಿಗೆ ಬೆಲೆ ಹೇಳುವಾಗ ಇದು ಲೆಕ್ಕದಲ್ಲಿರಲಿ.

ಹೆಸರು ಬದಲಾವಣೆಗೆ ಮಾರುವವರು ಫಾರ್ಮ್ 29ಕ್ಕೆ, ಇಬ್ಬರೂ ಫಾರ್ಮ್ 30ಕ್ಕೆ ಸಹಿ ಹಾಕಬೇಕು. ಖಾಲಿ ಫಾರ್ಮಿಗೆ ಸಹಿ ಬೇಡವೇ ಬೇಡ. ಗಾಡಿ ಕೈಬದಲಾದ ದಿನಾಂಕ, ವೇಳೆ, ಕಿ.ಮೀ. ಬರೆದು ಇಬ್ಬರೂ ಸಹಿ ಮಾಡಿದ ಚೀಟಿ ಇಟ್ಟುಕೊಳ್ಳಿ. ನೀವು ನಿಮ್ಮ ಹಳೆ ಗಾಡಿ ಮಾರುತ್ತಿದ್ದರೆ ಇದು ಇನ್ನೂ ಮುಖ್ಯ: ಆರ್‌ಸಿಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಲ್ಲಿ ಮಾಲಕರು, ಅಪಘಾತದ ಪರಿಹಾರ ಅವರ ಮೇಲೆಯೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಂಡವರು ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಬೇಕು. ಹಳೆ ಮಾಲಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ) ಅವರದ್ದೇ, ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ರೊಕ್ಕ ಕಟ್ಟಬೇಕಾಗುತ್ತದೆ.

ಹೊಸದೇ ಆದರೆ

ಇಲ್ಲಿ ಕೆಲಸ ಕಡಿಮೆ. ನೋಂದಣಿಗೆ ಮೊದಲು ಗಾಡಿಯನ್ನು ಹಗಲು ಬೆಳಕಿನಲ್ಲಿ ನೋಡಿ, ಚಾಸಿ ನಂಬರ್ ಬರೆದುಕೊಳ್ಳಿ, ತಯಾರಾದ ತಿಂಗಳು ಕೇಳಿ. ಜನವರಿಯಲ್ಲಿ ಹಿಂದಿನ ವರ್ಷದ ಗಾಡಿ ಕೊಡುತ್ತಿದ್ದರೆ ರಿಯಾಯಿತಿ ಗಟ್ಟಿಯಾಗಿ ಕೇಳಿ, ಮಾರುವಾಗ ಅದು ಒಂದು ವರ್ಷ ಹಳೆಯದೆಂದೇ ಲೆಕ್ಕ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ, ಹೊರಗೆ ಎರಡು ಕಡೆ ದರ ಕೇಳಿ ಬನ್ನಿ. ಬೇಸ್ ಮಾಡೆಲ್ ತೆಗೆದುಕೊಂಡು ಹೊರಗೆ ವೈರ್ ಕತ್ತರಿಸಿ ಮ್ಯೂಸಿಕ್, ಪವರ್ ವಿಂಡೋ ಕೂಡಿಸಿದರೆ ಎಲೆಕ್ಟ್ರಿಕಲ್ ವಾರಂಟಿ ಹೋಗಬಹುದು. ಅದರ ಬದಲು ಒಂದು ಮೆಟ್ಟಿಲು ಮೇಲಿನ ಮಾಡೆಲ್ ಅಗ್ಗ.

ಹಳೆ ಗಾಡಿ ಮನೆಗೆ ತಂದವರು ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ. ಹಿಂದಿನವರು ಮೊನ್ನೆಯೇ ಮಾಡಿಸಿದ್ದೇವೆ ಎಂದರೂ ಸರಿ. ಎರಡನೇ ಕೀಲಿ ಕೇಳಿ ಪಡೆಯಿರಿ. ಗಾಜಿನ ಮೇಲಿನ ಹಳೆ ಫಾಸ್ಟ್ಯಾಗನ್ನು ಹಿಂದಿನ ಮಾಲಕರಿಂದಲೇ ಮುಚ್ಚಿಸಿ ನಿಮ್ಮ ಹೆಸರಿನದ್ದು ಅಂಟಿಸಿ. ಒಂದು ಗಾಡಿಗೆ ಒಂದೇ ಟ್ಯಾಗ್ ನಡೆಯುತ್ತದೆ, ಹಳೆಯದು ಜೀವಂತ ಇದ್ದರೆ ಹೊಸದು ಸಿಗುವುದಿಲ್ಲ.